ಮದುವೆ ಮುಗಿಯುವವರೆಗೂ ಸಾಯುವಂತಿಲ್ಲ

ಅಚ್ಚುಮೊಳೆ ಜೋಡಿಸುವವರು ಹಾಳೆಗಳನ್ನು ಅದಲುಬದಲು ಮಾಡಿ, ಎತ್ತಿಟ್ಟಿದ್ದ ನನ್ನ ನಾಯಕನ ಸಾವಿನ ಅಧ್ಯಾಯವನ್ನೇ ಅಚ್ಚು ಹಾಕಿಬಿಡಬಹುದಿತ್ತು. ಸಂಪಾದಕರಿಗೆ ಬೆಳಿಗ್ಗೆ ಎದ್ದಾಗ ಮನಸ್ಸು ಬದಲಾಗಬಹುದಿತ್ತು. ಚಿತ್ರದ ಬ್ಲಾಕಿನಿಂದ ಕೆರೆಸಿ ತೆಗೆದ ಈಟಿ ಕಾಗದದ ಮೇಲೆ ಮತ್ತೆ ಮೂಡಬಹುದಿತ್ತು. ಕೆಂಗೇರಿಯ ಹೋಟೆಲಿನಲ್ಲಿ ಯಾರೋ ಒಬ್ಬ ಬುದ್ಧಿವಂತ ಕಾಫಿ ಹೀರುತ್ತ, “ಸಾಯದೆ ಇನ್ನೇನು ಮಾಡ್ತಾನೆ ಬಿಡ್ರಿ, ಕಲ್ಲೇ ನೆಟ್ಟವ್ರಲ್ಲ” ಎಂದು ಬೀಗರ ಕಿವಿಗೆ ಬೀಳುವಂತೆ ಹೇಳಬಹುದಿತ್ತು. ಬೀಗರು ವೀಳ್ಯ ಹಿಂದಕ್ಕೆ ಕಳಿಸಬಹುದಿತ್ತು. ಅಜ್ಜಿ ಚಪ್ಪರದ ಕಂಬ ಕೀಳಿಸಬಹುದಿತ್ತು. ವೈಶಾಖದ ಮಳೆಗಾಳಿ ಬಂದು ಆ ಕೆಲಸವನ್ನು ತಾನೇ ಮಾಡಿ, ಅದಕ್ಕೂ ನಾನೇ ಕಾರಣ ಅನ್ನಿಸಿಕೊಳ್ಳಬಹುದಿತ್ತು. ಮಾಗಡಿ ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದ ಕೂಡಲೇ ಸೈಕಲ್ಲಿನ ಚೈನು ಕಳಚಿ, ಬಿಳಿ ಪಂಚೆಗೆಲ್ಲ ಗ್ರೀಸು ಮೆತ್ತಿಕೊಂಡು, ಆ ವೇಷದಲ್ಲೇ ನಾನು ಮದುವೆಮನೆ ಸೇರಬಹುದಿತ್ತು. ಸೇರಿದ ಮೇಲೆ ಅವರೆಲ್ಲ ಒಟ್ಟಾಗಿ ನನ್ನನ್ನು ಕೆರೆಗೆ ತಳ್ಳಬಹುದಿತ್ತು. ನನಗೆ ಈಜು ಬರುವುದಿಲ್ಲ.

ಇಷ್ಟನ್ನೂ ನಾನು ಆ ಮದುವೆಯ ದಿನ ಬೆಳಿಗ್ಗೆ ಹೆಂಡತಿಗೆ ಹೇಳಿದೆ. ಅವಳು ಮಡಿಸಿದ ಪಂಚೆಯನ್ನು ಕೈಗೆ ಕೊಡುತ್ತ, “ಇಷ್ಟು ಯೋಚನೇಲಿ ಇನ್ನೊಂದು ಕಾದಂಬರಿ ಆಗೋದು ಕಣ್ರೀ” ಎಂದಳು.

ನಾನು ಐತಿಹಾಸಿಕ ಕಾದಂಬರಿಗಳನ್ನು ಬರೆಯುವವನು. ಹೊಟ್ಟೆಪಾಡಿಗೆ ಮಾಗಡಿ ರಸ್ತೆ ಕಡೆಯ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತ. ಇತಿಹಾಸಕ್ಕೆ ಹೇಗೆ ಬಂದಿರಿ ಎಂದು ಓದುಗರು ಕೇಳುತ್ತಾರೆ. ನಾಡು, ನುಡಿ, ಪರಂಪರೆ ಎಂದೆಲ್ಲ ಉತ್ತರ ಕೊಡುತ್ತೇನೆ. ನಿಜ ಏನೆಂದರೆ, ಹೆದರಿಕೊಂಡು ಬಂದೆ. ಮೊದಮೊದಲು ನಾನೂ ಎಲ್ಲರ ಹಾಗೆ ನೆರೆಹೊರೆಯ ಕತೆಗಳನ್ನೇ ಬರೆಯುತ್ತಿದ್ದೆ. ಒಂದು ಕತೆಯಲ್ಲಿ ಎಲ್ಲರ ಮನೆಯ ಊಟಕ್ಕೂ ಸರಿಯಾದ ಹೊತ್ತಿಗೆ ಬಂದು ಇಳಿಯುವ ಒಬ್ಬ ಮಾವ ಬಂದಿದ್ದರು. ಅದು ಅಚ್ಚಾದ ಮೇಲೆ ನನ್ನ ಹೆಂಡತಿಯ ಸೋದರಮಾವ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಅದು ಲಾಭವೇ ಆಗಿದ್ದರೂ, ಹೆಂಡತಿ ಬಹಳ ದಿನ ನನ್ನ ತಟ್ಟೆಗೆ ತುಪ್ಪ ಹಾಕಲಿಲ್ಲ. ಆಗಲೇ ತೀರ್ಮಾನ ಮಾಡಿದೆ: ಬರೆದರೆ ಸತ್ತವರ ಬಗ್ಗೆ ಬರೆಯಬೇಕು, ಸತ್ತು ಮುನ್ನೂರು ವರ್ಷವಾದರೂ ಆಗಿರಬೇಕು. ಅಂಥವರು ಬಂದು ಜಗಳ ಆಡುವುದಿಲ್ಲ. ಅವರ ಕಡೆಯವರೂ ಯಾರೂ ಬರುವುದಿಲ್ಲ.

ಎರಡನೆಯ ಮಾತು ತಪ್ಪು ಎಂದು ತಿಳಿದದ್ದು ರಾಜಾಜಿನಗರಕ್ಕೆ ಬಂದ ಮೇಲೆ.

ಆಗ ರಾಜಾಜಿನಗರ ಅಂದರೆ ನಗರಕ್ಕಿಂತ ಹೆಚ್ಚಾಗಿ ನಗರದ ಆಸೆ. ಗುರುತಿನ ಕಲ್ಲು ನೆಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಹಂಚಿನ ಮನೆ, ಬೇಸಗೆಯಲ್ಲಿ ಪಡುವಲಿಂದ ಬೀಸುವ ಕೆಂಧೂಳು. ನಮ್ಮ ಬೀದಿಗೆಲ್ಲ ಒಂದೇ ನಲ್ಲಿ. ನಾನು ಯುದ್ಧ ನೋಡಿದವನಲ್ಲ, ಕತ್ತಿ ಹಿಡಿದವನಲ್ಲ. ತರಕಾರಿ ಹೆಚ್ಚುವ ಈಳಿಗೆಮಣೆಯನ್ನು ಕಂಡರೂ ದೂರ ನಿಲ್ಲುವವನು. ಆದರೆ ನೀರು ಬಿಡುವ ಹೊತ್ತಿನಲ್ಲಿ ಆ ನಲ್ಲಿಯ ಮುಂದೆ ನಡೆಯುತ್ತಿದ್ದುದನ್ನು ಕಿಟಕಿಯಿಂದ ನೋಡಿದವನಿಗೆ ಕುರುಕ್ಷೇತ್ರವೂ ಬೇಡ. ಕೊಡ ಮುಂದೆ ನೂಕುವುದು, ಹಿಂದಿನಿಂದ ಸುತ್ತುವರಿಯುವುದು, ಸಂಧಿ, ದ್ರೋಹ, ಎಲ್ಲವೂ ಇತ್ತು. ಮೂಲೆಮನೆಯ ದಪ್ಪಗಿನ ತಾಯಿಯೊಬ್ಬರು ಒಂದೇ ಒಂದು ತಾಮ್ರದ ಬಿಂದಿಗೆಯಿಂದ ಇಡೀ ಸಾಲನ್ನು ತಡೆದು ನಿಲ್ಲಿಸುತ್ತಿದ್ದರು. ನನ್ನ ಕೋಟೆ ಕಾಳಗಗಳನ್ನು ಓದಿ ‘ಸ್ವತಃ ಕಂಡಂತೆ ಬರೆದಿದ್ದೀರಿ’ ಎಂದು ಹೊಗಳಿದವರಿದ್ದಾರೆ. ಸ್ವತಃ ಕಂಡೇ ಬರೆದದ್ದು. ನನ್ನ ಮಹಾರಾಜರೆಲ್ಲ ಗಿರಣಿಯ ಮ್ಯಾನೇಜರರ ಹಾಗೆ ಗಂಟಲು ಸರಿಮಾಡಿಕೊಂಡು ಮಾತಾಡುತ್ತಾರೆ. ರಾಣಿಯರು ಯಾರ ಹಾಗೆ ಮಾತಾಡುತ್ತಾರೆ ಎಂಬುದನ್ನು ಮನೆಯ ನೆಮ್ಮದಿಗೋಸ್ಕರ ಹೇಳುವುದಿಲ್ಲ.

ನಮ್ಮ ಮನೆಗೆ ಹಾಲು ತರುತ್ತಿದ್ದವರು ಮಲ್ಲತ್ತಹಳ್ಳಿಯ ಒಬ್ಬ ಗೌಡರು. ಹೊಲ, ದನ, ಒಂದಿಷ್ಟು ಗದ್ದೆ ಇದ್ದ ಮನೆತನ. ಸೈಕಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಿಗ್ಗೆ ಬೆಳಿಗ್ಗೆ ಬರುತ್ತಿದ್ದರು. ಒಂದು ದಿನ ಮಾತಿಗೆ ಮಾತು ಬಂದು, ತಮ್ಮೂರ ಕೆರೆ ಏರಿಯ ಮೇಲೆ ತಮ್ಮ ಮನೆತನದ ಕಲ್ಲೊಂದಿದೆ ಎಂದರು. ಭಾನುವಾರ ಹೋಗಿ ನೋಡಿದೆ. ಹುಣಸೆಮರದ ನೆರಳಲ್ಲಿ ಎದೆಮಟ್ಟದ ಒಂದು ವೀರಗಲ್ಲು: ಕೆಳಗೆ ಮುಖ ಎತ್ತಿ ನಿಂತ ದನಗಳು, ನಡುವೆ ಕುದುರೆಯ ಮೇಲೆ ಕತ್ತಿ ಹಿರಿದ ಒಬ್ಬ ಗಂಡಸು, ಮೇಲೆ ಅವನನ್ನು ಎತ್ತಿಕೊಂಡು ಹೋಗುತ್ತಿರುವ ದೇವಕನ್ಯೆಯರು. ಎಣ್ಣೆ, ಬೆಣ್ಣೆ, ಅರಿಶಿನ ಹಚ್ಚಿ ಹಚ್ಚಿ ಮುಖ ಸವೆದಿತ್ತು. ಮನೆಯವರು ಅವನನ್ನು ಕಲ್ಲುತಾತ ಎನ್ನುತ್ತಿದ್ದರು.

ಕತೆ ಗೊತ್ತಿದ್ದದ್ದು ಗೌಡರ ತಾಯಿಗೆ ಮಾತ್ರ. ಆ ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಕಾಗದ ಪೆನ್ಸಿಲು ಸಿದ್ಧಮಾಡಿಕೊಂಡೆ.

“ದನ ಹೊಡ್ಕಂಡು ಹೋಗಿದ್ರು ಕಳ್ರು. ತಾತ ತರಾಕೆ ಹೋದ. ದನ ಬಂದ್ವು. ತಾತ ಬರ್ಲಿಲ್ಲ” ಎಂದರು ಅಜ್ಜಿ.

ನಾನು ಕಾದೆ. ಅಜ್ಜಿ ಇನ್ನೊಂದು ಅವರೆಕಾಯಿ ತೆಗೆದುಕೊಂಡರು.

“ಆಮೇಲೆ, ಅಜ್ಜಿ?”

“ಆಮೇಲೇನು? ಹಾಲು ಕರೆದ್ರು.”

ಅಷ್ಟೇ ಸಿಕ್ಕಿದ್ದು. ಮಿಕ್ಕದ್ದೆಲ್ಲ, ಅಂದರೆ ಪಾಳೆಯಗಾರನ ಪಿತೂರಿ, ಕೋಟೆ, ಸುರಂಗ, ಗುಪ್ತಚರರು, ಒಂದು ನಿಷ್ಫಲ ಪ್ರೇಮ, ಎಲ್ಲ ನನ್ನದು. ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರತೊಡಗಿತು. ನನಗೆ ಬರುತ್ತಿದ್ದ ಗೌರವ ಪ್ರತಿಯನ್ನು ಹೆಂಡತಿ ಓದಿ ಗೌಡರಿಗೆ ಕೊಡುವಳು. ಅದು ಹಾಲಿನ ಕ್ಯಾನಿನ ಮೇಲೆ ಕೂತು ಮಲ್ಲತ್ತಹಳ್ಳಿಗೆ ಹೋಗುವುದು. ಅಲ್ಲಿ ಗೌಡರ ಮಗಳು, ಮಿಡ್ಲ್‌ಸ್ಕೂಲು ಓದಿದ ಹುಡುಗಿ, ಅಜ್ಜಿಯ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುವಳು. ಮನೆಮಂದಿ, ನೆರೆಮನೆ, ಕೆಲಸದ ಆಳು, ಎಲ್ಲರೂ ಸುತ್ತ ಕೂರುವರಂತೆ. ಇದನ್ನು ಕೇಳಿ ನಾನು ಉಬ್ಬಿದೆ. ಉಬ್ಬಿದವನು ಮೊದಲ ಸಲ ಇಳಿಯಬೇಕಾಗಿದ್ದದ್ದು ಕುದುರೆ ಸತ್ತ ವಾರ.

ಕತೆಯ ನಡುವೆ ಒಂದು ಕಣ್ಣೀರಿನ ಪ್ರಸಂಗ ಬೇಕಾಗಿತ್ತು. ನಾಯಕನ ಬಿಳಿ ಕುದುರೆಯನ್ನು ಹೊಳೆ ದಾಟುವಾಗ ಬಾಣಕ್ಕೆ ಸಿಕ್ಕಿಸಿದೆ. ದಡ ಸೇರಿ, ಒಡೆಯನ ಮಡಿಲಲ್ಲಿ ತಲೆಯಿಟ್ಟು ಪ್ರಾಣ ಬಿಟ್ಟಿತು. ನಾಯಕನೇ ಗುಂಡಿ ತೋಡಿ ಅದನ್ನು ಹುಣಸೆಮರದ ಬುಡದಲ್ಲಿ ಹೂಳಿದ. ಬರೆಯುವಾಗ ನನಗೇ ಮೂಗು ಕಟ್ಟಿತ್ತು. ಅದು ಅಚ್ಚಾಗಿ ಮಲ್ಲತ್ತಹಳ್ಳಿ ಸೇರಿದ ಮರುದಿನ ಗೌಡರು ಹಾಲು ಅಳೆದು ಕೊಟ್ಟು, ಎಂದಿನ ಹಾಗೆ ಒಂದು ಚೂರು ಮೇಲೆ ಸುರಿಯದೆ, ಸೈಕಲ್ ಹತ್ತಿಕೊಂಡು ಹೊರಟೇಬಿಟ್ಟರು.

“ಯಾಕ್ ಗೌಡ್ರೇ, ಹುಷಾರಿಲ್ವಾ?” ಎಂದಳು ನನ್ನ ಹೆಂಡತಿ.

“ಅವ್ವ ನಿನ್ನೆಯಿಂದ ಉಂಡಿಲ್ಲ ಅಮ್ಮಾವ್ರೆ. ಅಂಥಾ ಕುದುರೆ” ಎಂದರು ಗೌಡರು, ನನ್ನ ಕಡೆ ನೋಡದೆ.

ನಾನು ಇದನ್ನು ಮೆಚ್ಚುಗೆ ಎಂದೇ ತಿಳಿದುಕೊಂಡೆ.

ಯುಗಾದಿ ಹತ್ತಿರ ಬಂತು. ಯುಗಾದಿ ಸಂಚಿಕೆಯಲ್ಲಿ ನಾಯಕ ಸಾಯಬೇಕು, ಧಾರಾವಾಹಿ ಮುಗಿಯಬೇಕು, ಮುಂದಿನ ವಾರದಿಂದ ಬೇರೊಬ್ಬರ ಸಂಸಾರದ ಕತೆ ಶುರುವಾಗಬೇಕು ಎಂದು ಸಂಪಾದಕರ ಜತೆ ಮಾತಾಗಿತ್ತು. ದನಗಳನ್ನು ಮುಂದೆ ಅಟ್ಟಿ, ಒಬ್ಬನೇ ಹಿಂದೆ ನಿಂತು, ಈಟಿ ಎದೆಗೆ ತಗುಲಿ ಅವನು ಬೀಳುವ ಅಧ್ಯಾಯವನ್ನು ಬರೆದು ಕೊಟ್ಟೂ ಆಗಿತ್ತು. ಆ ಭಾನುವಾರ ಗೌಡರು ಹಾಲಿಲ್ಲದೆ ಬಂದರು. ತಲೆಗೆ ರುಮಾಲು, ಮೈಮೇಲೆ ಕೋಟು. ಅವರ ಹಿಂದೆ ಸೆರಗು ಹೊದ್ದ ಮಗಳು. ಕುರ್ಚಿ ತೋರಿಸಿದರೂ ಕೂರದೆ ಬಾಗಿಲಲ್ಲೇ ನಿಂತರು.

“ಸಾಮಿ, ತಾತಂದು ಹೆಂಗೆ?” ಎಂದರು.

“ಹೆಂಗೆ ಅಂದ್ರೆ?”

“ಸಾಯ್ಸೋರ್ ಥರ ಕಾಣ್ತೀರಿ. ಹೋದ ವಾರ ಎಲ್ಲಾರ ಕಾಲಿಗೂ ಬಿದ್ದು ಹೊರಟವ್ರೆ.”

ನಾನು ಒಂದಷ್ಟು ತಡವರಿಸಿ, ಹೌದು ಗೌಡ್ರೇ, ಕಲ್ಲಲ್ಲಿ ಇರುವುದೂ ಅದೇ ಅಲ್ಲವೇ ಎಂದೆ.

“ಸಾಯ್ಲಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ವೈಶಾಖದಾಗೆ ಈ ಮಗೀನ ಮದುವೆ. ಅದು ಮುಗಿಯೋಗಂಟ ಸಾಯ್ಸಬ್ಯಾಡಿ. ಮುಗೀಲಿ, ಆಮೇಲೆ ನಿಮ್ಮಿಷ್ಟ. ಬಿತ್ತನೆ ಆದ್ಮೇಲಾದ್ರೆ ಇನ್ನೂ ಒಳ್ಳೇದು. ತಿಥಿ ಮಾಡಾಕೂ ಕೈ ಬಿಡುವಿರ್ತದೆ.”

ನನಗೆ ನಗು ಬಂತು. ಗೌಡರ ಮುಖ ನೋಡಿ ಹಿಂದಕ್ಕೆ ಹೋಯಿತು. “ಗೌಡ್ರೇ, ಅವರು ಸತ್ತು ಮುನ್ನೂರು ವರ್ಷ ಆಯ್ತಲ್ಲ!”

“ಅದು ಬ್ಯಾರೆ ಸಾಮಿ. ಅವ್ರು ಸತ್ತು ದೇವರಾಗಿ ನೆಮ್ಮದಿಯಾಗಿ ಇದ್ರು. ನೀವು ಎಬ್ಬಿಸಿ ಕೂರ್ಸಿದ್ರಿ. ದೀಪಾವಳಿಯಿಂದ ಮನೇಲಿ ಓಡಾಡ್ಕಂಡವ್ರೆ. ಈಗ ಮತ್ತೆ ಹೋದ್ರೆ ಸೂತಕ ಅಲ್ವಾ? ಅವ್ವ ಹೇಳ್ತವ್ಳೆ, ಮನೇಲಿ ಸಾವಾದ್ರೆ ಆ ವರ್ಷ ಚಪ್ಪರ ಹಾಕಾಂಗಿಲ್ಲ ಅಂತ. ಅದೂ ಅಲ್ದೆ ಕರೆದುಬಿಟ್ಟಿದೀವಿ.”

“ಯಾರನ್ನ?”

“ತಾತನ್ನ.”

ಆ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲ ಕರೆ ಕಲ್ಲುತಾತನಿಗೆ. ಏರಿಯ ಮೇಲೆ ಹೋಗಿ ವೀಳ್ಯದೆಲೆ, ಅಡಿಕೆ ಇಟ್ಟು, ಇಂಥ ದಿನ ಬರಬೇಕು ಎಂದು ಹೇಳಿಬರುತ್ತಾರೆ. ಮದುವೆಯ ದಿನ ಪಂಕ್ತಿಯಲ್ಲಿ ಮೊದಲ ಎಲೆ ಅವನಿಗೆ. ಅದಕ್ಕೆ ಬಡಿಸಿದ ಮೇಲೆ ಉಳಿದವರಿಗೆ. ಕರೆದವರನ್ನು ನಡುದಾರಿಯಲ್ಲಿ ಕೊಂದರೆ ಆ ಎಲೆಗೆ ಯಾರು ಬರಬೇಕು?

“ಆ ವಾರ ಓದೋದು ಬೇಡ. ಏನಾದ್ರೂ ಒಂದು ಹೇಳಿದ್ರಾಯ್ತು” ಎಂದು ನಾನು ಹುಡುಗಿಯ ಕಡೆ ತಿರುಗಿ ದಾರಿ ತೋರಿಸಿದೆ.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗಿ ತಲೆಯೆತ್ತಿದಳು. “ಆಗಲ್ಲ ಸಾರ್. ಕುದುರೆ ಸತ್ತಾಗ ಹಂಗೇ ಹಾರ್ಸಿ ಓದ್ದೆ. ಅಜ್ಜಿ ನನ್ನ ಕೈ ಹಿಡ್ಕೊಂಡು, ‘ಏನೋ ನುಂಗ್ದೆ, ಉಗುಳು’ ಅಂದ್ರು. ನನ್ನ ದನೀಲೇ ಗೊತ್ತಾಗುತ್ತೆ ಅವರಿಗೆ. ಅಲ್ದೆ ಕೆಂಗೇರಿ ಹೋಟ್ಲಲ್ಲಿ ನಿಮ್ಮ ಪತ್ರಿಕೆ ತರಿಸ್ತಾರೆ. ಅವ್ರ ಕಡೆಯೋರೆಲ್ಲ ಅಲ್ಲೇ ಕೂತ್ಕೊಳ್ಳೋದು.”

‘ಅವರ ಕಡೆ’ ಎಂದರೆ ಗಂಡಿನ ಕಡೆ. ಕೆಂಗೇರಿಯ ಪಕ್ಕದ ಹಳ್ಳಿ.

“ಹೋದ ವರ್ಷವೇ ಆಗ್ಬೇಕಿತ್ತು ಸಾರ್. ನಮ್ಮ ದೊಡ್ಡಯ್ಯ ತೀರ್ಕೊಂಡ್ರು, ನಿಂತೋಯ್ತು. ಅವ್ರು ಒಂದು ವರ್ಷ ಕಾದ್ರು. ಇನ್ನೊಂದು ವರ್ಷ...” ಎಂದು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, “ಅವ್ರು ಕಾಯ್ತಾರೆ. ಅವ್ರ ಮನೆಯೋರು ಕಾಯಲ್ಲ” ಎಂದಳು.

ಅವರು ಹೋದ ಮೇಲೆ ಹೆಂಡತಿ ಒಳಗಿನಿಂದ ಬಂದಳು.

“ಏನ್ಮಾಡ್ತೀರಿ?”

“ಏನು ಮಾಡೋದು? ಕಂಪೋಸ್ ಆಗಿದೆಯೋ ಏನೋ. ಸಂಪಾದಕರು ಒಪ್ಪಲ್ಲ. ಮುಂದಿನ ಧಾರಾವಾಹಿಗೆ ಜಾಹೀರಾತು ಬಂದಿದೆ. ನನಗೆ ಇನ್ನೊಂದು ಕಾದಂಬರಿ ಕೊಡದೇ ಇರಬಹುದು. ಈ ಸುದ್ದಿ ಆಫೀಸಿಗೆ ಮುಟ್ಟಿದರೆ...”

“ಸೋದರಮಾವ ನಮ್ಮನೆಗೆ ಬರೋದು ಬಿಟ್ರು, ಹೋಗ್ಲಿ ಅಂದೆ. ಈ ಹುಡುಗಿ ಮದುವೆ ನಿಲ್ಲಿಸಿದ್ರೆ ನಾನೇ ಬಿಟ್ಟು ಹೋಗ್ತೀನಿ” ಎಂದಳು. ಅಲ್ಲಿಗೆ ಯೋಚನೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ನನಗೆ ಅದು ಅಭ್ಯಾಸವಿಲ್ಲದ ಸ್ಥಿತಿ.

ಮರುದಿನ ಗಿರಣಿಗೆ ರಜೆ ಹೇಳಿ ಪೇಟೆಗೆ ಹೋದೆ. ಸಂಪಾದಕರು ನಶ್ಯದ ಡಬ್ಬಿ ತಟ್ಟುತ್ತ ಪ್ರೂಫು ನೋಡುತ್ತಿದ್ದರು.

“ಸಾವು ಸ್ವಲ್ಪ ಮುಂದಕ್ಕೆ ಹಾಕಬೇಕು ಸಾರ್” ಎಂದೆ.

“ಯಾಕ್ರೀ? ಹುಷಾರಾಗ್ತಾ ಇದಾನಾ?”

“ಇಲ್ಲ ಸಾರ್. ಅವರ ಮನೇಲಿ ಮದುವೆ ಇದೆ.”

“ಯಾರ ಮನೇಲಿ?”

“ಸಾಯೋರ ಮನೇಲಿ.”

ಸಂಪಾದಕರು ಕನ್ನಡಕ ತೆಗೆದರು. ನಾನು ಮೊದಲಿನಿಂದ ಹೇಳಿದೆ. ಅವರು ಕೇಳುತ್ತ ಕೇಳುತ್ತ ಎರಡು ಸಲ ನಶ್ಯ ಏರಿಸಿದರು. ಕೊನೆಗೆ ಮೇಜಿನ ಡ್ರಾಯರಿನಿಂದ ಒಂದು ಸತುವಿನ ಬ್ಲಾಕು ತೆಗೆದು ನನ್ನ ಮುಂದಿಟ್ಟರು. ನಾಯಕ ಅಂಗಾತ ಬಿದ್ದಿದ್ದಾನೆ, ಎದೆಯಲ್ಲಿ ಈಟಿ. “ಇದನ್ನೇನ್ ಮಾಡ್ಲಿ? ಚಿತ್ರ ಬರೆಸಿ, ಬ್ಲಾಕ್ ಮಾಡಿಸಿ ಎಲ್ಲಾ ಆಗಿದೆ. ತಿನ್ನೋಕ್ಕಾಗುತ್ತಾ?”

ನಾನು ಆ ಬ್ಲಾಕನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಆಮೇಲೆ ಅವರೇ, “ಈಟಿ ಕೆರೆಸಿಬಿಟ್ರೆ?” ಎಂದರು.

“ಕೆರೆಸಿದ್ರೆ?”

“ಮಲಗಿದ್ದಾನೆ ಅನ್ನಿ. ಜ್ವರ ಬರ್ಸಿ. ವೈಶಾಖದವರೆಗೂ ಕೊಡ್ತೀನಿ, ತಗೊಳ್ಳಿ. ಆದ್ರೆ ಒಂದು ಮಾತು. ಸುಮ್ನೆ ಎಳೀಬೇಡಿ. ಬೇಜಾರಾಯ್ತು ಅಂತ ಓದುಗರ ಒಂದು ಕಾಗದ ಬರ್ಲಿ, ಆ ವಾರವೇ ನಾನೇ ನಾಲ್ಕು ಸಾಲಲ್ಲಿ ಸಾಯ್ಸಿ ‘ಮುಗಿಯಿತು’ ಅಂತ ಹಾಕ್ತೀನಿ. ಮದುವೆನೂ ನೋಡಲ್ಲ, ಮುಂಜಿನೂ ನೋಡಲ್ಲ.”

ಯುಗಾದಿ ಸಂಚಿಕೆಯಲ್ಲಿ ನಾಯಕನಿಗೆ ಜ್ವರ ಬಂತು. ಈಟಿಯ ಬುಡದ ಒಂದು ತುಂಡು ಪೂರ್ತಿ ಹೋಗಿರಲಿಲ್ಲ. ಎದೆಯ ಮೇಲೆ ಬೀಸಣಿಗೆ ಇಟ್ಟುಕೊಂಡು ಮಲಗಿದ ಹಾಗೆ ಕಾಣುತ್ತಿತ್ತು. ನಾನು ಪಠ್ಯಕ್ಕೂ ಒಂದು ಬೀಸಣಿಗೆ ಸೇರಿಸಿದೆ.

ನಿಜವಾದ ತಾಪತ್ರಯ ಆಮೇಲೆ ಶುರುವಾಯಿತು. ಜ್ವರ ಬಿಟ್ಟ ಮೇಲೆ ಅವನನ್ನು ಏನು ಮಾಡುವುದು? ಎಲ್ಲರಿಗೂ ಹೇಳಿ ಹೊರಟವನನ್ನು ವಾಪಸು ಮನೆಗೆ ತಂದಿದ್ದೇನೆ. ಶತ್ರುಗಳನ್ನು ಮಳೆಗಾಲದ ನೆಪ ಹೇಳಿ ದೂರ ಕಳಿಸಿದ್ದೇನೆ. ಆ ಗಂಡಸು ಈಗ ಮನೆಯಲ್ಲಿ ಕೂತಿದ್ದಾನೆ. ಇಷ್ಟು ದಿನ ಅವನನ್ನು ಕುದುರೆಯಿಂದ ಇಳಿಯಲು ಬಿಟ್ಟವನೇ ಅಲ್ಲ ನಾನು. ಇಳಿದ ಮೇಲೆ ಅವನು ಎಲ್ಲಿ ಕಾಲು ತೊಳೆಯುತ್ತಾನೆ, ಯಾರ ಹತ್ತಿರ ಬೈಸಿಕೊಳ್ಳುತ್ತಾನೆ, ಮಧ್ಯಾಹ್ನ ಏನು ಮಾಡುತ್ತಾನೆ, ನನಗೆ ಒಂದೂ ಗೊತ್ತಿರಲಿಲ್ಲ. ಕಾಗದದ ಮುಂದೆ ಕೂತರೆ ಓದುಗರ ಬೇಜಾರಿನ ಪತ್ರವೇ ಕಣ್ಣ ಮುಂದೆ ಬರುತ್ತಿತ್ತು. ಅದನ್ನು ಮಾತ್ರ ಸೊಗಸಾಗಿ ಬರೆಯಬಲ್ಲವನಾಗಿದ್ದೆ.

ಬೇರೆ ದಾರಿ ಕಾಣದೆ ಮಲ್ಲತ್ತಹಳ್ಳಿಗೆ ಹೋಗತೊಡಗಿದೆ. ಭಾನುವಾರ ತಪ್ಪದೆ, ಒಮ್ಮೊಮ್ಮೆ ಆಫೀಸು ಬಿಟ್ಟ ಸಂಜೆಯೂ. ನನಗೆ ಜಗಲಿಯ ಮೇಲೊಂದು ಚಾಪೆ, ಒಂದು ಲೋಟ ಮಜ್ಜಿಗೆ ಗೊತ್ತಾಯಿತು. ಕೂತು ನೋಡಿದೆ. ಗೌಡರು ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಹೊಸೆಯುವಾಗ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬದುವಿನ ವಿಷಯಕ್ಕೆ ಪಕ್ಕದ ಹೊಲದ ತಮ್ಮನ ಜತೆ ಜಗಳವಾಡಿ, ಜಗಳದ ನಡುವೆಯೇ ಅವನ ಹತ್ತಿರ ಹೊಗೆಸೊಪ್ಪು ಇಸಿದುಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಮೀಸೆಯ ಗಂಡಸು ತಾಯಿ ಕೆಮ್ಮಿದರೆ ಬೀಡಿ ಹಿಂದೆ ಮುಚ್ಚಿಡುತ್ತಿದ್ದರು. ಮಗಳ ಮದುವೆಯ ಸೀರೆಗಳನ್ನು ಹರಡಿಕೊಂಡಾಗ, ಯಾರೂ ಇಲ್ಲವೆಂದು ನೋಡಿಕೊಂಡು ಒಂದು ಸೆರಗನ್ನು ಸವರಿ, ನನ್ನನ್ನು ಕಂಡು, “ನೂಲು ಹೆಂಗಿದೆ ಅಂತ ನೋಡ್ದೆ” ಎಂದರು.

ಎಲ್ಲವನ್ನೂ ನಾಯಕನ ಮೇಲೆ ಹಾಕಿದೆ. ಅವನು ಹಗ್ಗ ಹೊಸೆದ. ತಮ್ಮನ ಜತೆ ಜಗಳವಾಡಿದ. ತಾಯಿಗೆ ಹೆದರಿದ. ಪಾಳೆಯಗಾರನ ಕರೆ ಬಂದಾಗ ಕತ್ತಿ ಎಲ್ಲಿಟ್ಟೆನೆಂದು ಮರೆತು ಮನೆಯೆಲ್ಲ ಹುಡುಕಿದ. ಅದನ್ನು ತಾಯಿ ಸೌದೆ ಸೀಳಲು ಒಯ್ದಿದ್ದಳು.

ನಾನು ಅಂಚೆಯ ದಾರಿ ಕಾದೆ. ಕಾಗದಗಳು ಬಂದವು. ಬೇಜಾರಾಯಿತು ಎಂದು ಒಂದೂ ಇರಲಿಲ್ಲ. ಒಬ್ಬ ತಾಯಿ ಬರೆದಿದ್ದರು: ಇಷ್ಟು ದಿನ ಇವನು ಬೊಂಬೆಯಾಗಿದ್ದ, ಈಗ ನಮ್ಮ ಭಾವನವರ ಹಾಗಿದ್ದಾನೆ, ದಯವಿಟ್ಟು ಸಾಯಿಸಬೇಡಿ. ಸಂಪಾದಕರು ಕಾಗದವನ್ನು ನನ್ನ ಕಡೆ ತಳ್ಳಿ, “ಜ್ವರ ನಿಮ್ಮ ನಾಯಕನಿಗೆ ಒಳ್ಳೇದು ಮಾಡ್ತು ಕಣ್ರೀ. ಇನ್ನೆರಡು ವಾರ ಬದುಕಿದ್ರೂ ನನ್ನದೇನೂ ಅಭ್ಯಂತರ ಇಲ್ಲ” ಎಂದರು. ಪುಸ್ತಕವಾದಾಗ ಜನ ಎತ್ತಿ ಹೇಳಿದ್ದೂ ಈ ಅಧ್ಯಾಯಗಳನ್ನೇ. ಸುರಂಗದ ಬಗ್ಗೆ ಯಾರೂ ಮಾತಾಡಲಿಲ್ಲ. ಆ ಸುರಂಗಕ್ಕೆ ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ಒಂದು ಸಂಜೆ ಹುಡುಗಿ ಮಜ್ಜಿಗೆ ತಂದಿಟ್ಟು, “ಸಾರ್, ಹಗ್ಗ ಹೊಸೆಯೋದು ಓದಿದಾಗ ಎಲ್ರೂ ಅಪ್ಪಯ್ಯನ್ನ ನೋಡಿ ನಕ್ರು” ಎಂದಳು.

ನನಗೆ ಸೋದರಮಾವ ನೆನಪಾದರು. “ಅಪ್ಪ ಬೇಜಾರು ಮಾಡ್ಕೊಂಡ್ರಾ?”

“ಇಲ್ಲ ಸಾರ್. ‘ನೋಡ್ರೋ, ತಾತನೂ ನನ್ನಂಗೇ ಹೊಸೀತಿದ್ದ’ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು.” ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿ, “ಅವರ ಕಡೆಯಿಂದ ಹೇಳಿಕಳ್ಸಿದ್ರು. ಹೋಟ್ಲಲ್ಲಿ ಕೇಳ್ತಾ ಇದಾರಂತೆ, ಎಲ್ರೂ. ನಿಮ್ಮ ತಾತ ಮದುವೆಗೆ ಬರ್ತಾನೆ ತಾನೆ ಅಂತ” ಎಂದಳು.

“ನೀನೇನಂದೆ?”

“ಸಾರ್‌ನ ಕೇಳಿ ಹೇಳ್ತೀನಿ ಅಂದೆ.”

ಮದುವೆಗೆ ಮುಂಚಿನ ಕೊನೆಯ ಕಂತನ್ನು ನಾನು ಒಂದೇ ಪಟ್ಟಿಗೆ ಕೂತು ಬರೆದೆ. ನನಗೆ ಅಂಥ ಅಭ್ಯಾಸವಿಲ್ಲ. ಒಂದು ಸಾಲು ಬರೆದು ಎರಡು ಹೊಡೆದುಹಾಕುವವನು. ಮನೆತನದ ಹೆಣ್ಣುಮಗಳ ಮದುವೆಗೆ ಕರೆ ಬರುತ್ತದೆ. ನಾಯಕ ವೀಳ್ಯವನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ. ಹೊಸ ರುಮಾಲು ಸುತ್ತಿ, ಕೋಳಿ ಕೂಗುವ ಹೊತ್ತಿಗೆ ಬಿಳಿ ಕುದುರೆಯನ್ನೇರಿ ಕೆರೆ ಏರಿಯ ಮೇಲೆ ಹೊರಡುತ್ತಾನೆ. ‘ಸೋಬಾನೆಯ ದನಿ ಗಾಳಿಯಲ್ಲಿ ತೇಲಿಬರುತ್ತಿತ್ತು’ ಎಂದು ನಿಲ್ಲಿಸಿದೆ. ಹೆಂಡತಿ ಓದಿ ಕಣ್ಣೊರೆಸಿಕೊಂಡಳು. ಸಂಪಾದಕರು ಒಂದಕ್ಷರ ತಿದ್ದದೆ ಅಚ್ಚಿಗೆ ಕೊಟ್ಟರು. ಅದೇ ನನಗೆ ಅನುಮಾನ ಹುಟ್ಟಿಸಬೇಕಾಗಿತ್ತು.

ಮದುವೆಯ ದಿನ ಸೈಕಲ್ ಚೈನು ಕಳಚಲಿಲ್ಲ. ಮಳೆ ಬರಲಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತುಳಿದೆ; ಏರಿಯ ಹತ್ತಿರ ಇಳಿದು ನಡೆದೆವು. ಕಲ್ಲುತಾತನ ಮುಖಕ್ಕೆ ಹೊಸ ಬೆಣ್ಣೆ, ಕುತ್ತಿಗೆಗೆ ಕನಕಾಂಬರದ ದಂಡೆ. ದೂರದಿಂದ ವಾಲಗದ ಸದ್ದು. ಕೆಂಗೇರಿ ಕಡೆಯ ಎತ್ತಿನ ಗಾಡಿಗಳು ಆಗಲೇ ಬಂದು ನಿಂತಿದ್ದವು, ಎತ್ತುಗಳ ಕೊರಳಲ್ಲಿ ಗಂಟೆ. ಚಪ್ಪರದ ಮಾವಿನ ಸೊಪ್ಪು ಇನ್ನೂ ಬಾಡಿರಲಿಲ್ಲ. ಹೋದ ಕೂಡಲೇ ಬೀಗರ ಪೈಕಿ ಒಬ್ಬ ಹಿರಿಯರು ನನ್ನ ತೋಳು ಹಿಡಿದರು. ಇದೋ ಬಂತು ಎಂದುಕೊಂಡೆ.

“ನೀವೇ ಅಲ್ವಾ ಬರೆಯೋರು? ನಮ್ಮ ಹುಡುಗನ ಕಡೆಗೂ ಒಂದು ಕಲ್ಲೈತೆ ಸಾಮಿ. ಬಂದು ನೋಡ್ಕಂಡು ಹೋಗ್ಬೇಕು” ಎಂದರು.

ಧಾರೆ ಆಯಿತು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅಕ್ಷತೆ ಹಾಕುವಾಗ ನನ್ನ ಹೆಂಡತಿ ಏನೋ ಕಿವಿಯಲ್ಲಿ ಹೇಳಿದಳು, ಹುಡುಗಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಏನು ಹೇಳಿದಳು ಎಂದು ಇವತ್ತಿಗೂ ನನಗೆ ಹೇಳಿಲ್ಲ. ಹುಡುಗ, ಒಂದು ವರ್ಷ ಕಾದ ಆ ಹುಡುಗ, ಬಾಸಿಂಗದ ಕೆಳಗಿನಿಂದ ಯಾರಿಗೂ ಕಾಣದ ಹಾಗೆ ಅವಳನ್ನೇ ನೋಡುತ್ತಿದ್ದ. ಎಲ್ಲರಿಗೂ ಕಾಣುತ್ತಿತ್ತು.

ಊಟಕ್ಕೆ ಕರೆದರು. ಪಂಕ್ತಿಯಲ್ಲಿ ಮೊದಲ ಎಲೆಯ ಮುಂದೆ ಯಾರೂ ಕೂತಿರಲಿಲ್ಲ, ಬರೀ ಒಂದು ಮಣೆ, ಮಣೆಯ ಮೇಲೆ ಒಂದು ಹೊಸ ರುಮಾಲು. ಅಜ್ಜಿ ನನ್ನ ಕೈ ಹಿಡಿದು ಅದರ ಪಕ್ಕದ ಎಲೆಗೆ ಕೂರಿಸಿದರು. ತಾವೇ ಬಾಗಿ ಆ ಖಾಲಿ ಮಣೆಯ ಎಲೆಗೆ ಮುದ್ದೆ, ಅವರೆಕಾಳಿನ ಸಾರು, ಪಾಯಸ ಬಡಿಸಿದರು. ಆಮೇಲೆ ನನ್ನ ಎಲೆಗೆ. ನನಗೆ ಅಲ್ಲಿ ಕೂರಲು ಸಂಕೋಚವೂ ಆಯಿತು, ಹೆಮ್ಮೆಯೂ ಆಯಿತು. ಪಕ್ಕದವರಿಗೆ ಮೊಣಕೈ ತಗುಲದಿರಲಿ ಎಂದು ಸ್ವಲ್ಪ ಸರಿದು ಕೂತೆ. ಬೆಳಗಿನಿಂದ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಭಯಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂದೂ ಆಗಿರಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಹಗುರ ನಾನು ಕಂಡದ್ದಿಲ್ಲ. ಮುದ್ದೆ ಮುರಿದೆ.

ಆಗ ಕಣ್ಣಿಗೆ ಬಿತ್ತು. ಖಾಲಿ ಮಣೆಯ ಆಚೆ, ಚಪ್ಪರದ ಕಂಬದ ಬುಡದಲ್ಲಿ, ಒಂದು ಮೊರದ ತುಂಬ ನೆನೆಸಿದ ಹುರುಳಿಕಾಳು, ಪಕ್ಕದಲ್ಲಿ ಒಂದು ತಪ್ಪಲೆ ನೀರು.

“ಇದ್ಯಾರಿಗೆ ಅಜ್ಜಿ?”

“ಕುದುರೆಗೆ ಕಣಪ್ಪ. ಅಷ್ಟು ದೂರದಿಂದ ಬಂದೈತೆ.”

ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಹೊಳೆ, ಬಾಣ, ಮಡಿಲು, ಹುಣಸೆಮರದ ಬುಡದ ಗುಂಡಿ. ನಾನೇ ಕೊಂದು, ನಾನೇ ಹೂಳಿಸಿ, ನಾನೇ ಅತ್ತದ್ದು. ನಾನು ನೋಡಲಿಲ್ಲ, ಹೆಂಡತಿ ನೋಡಲಿಲ್ಲ, ಸಂಪಾದಕರು ನೋಡಲಿಲ್ಲ.

“ಅಜ್ಜಿ... ಆ ಕುದುರೆ... ಅದು ಸತ್ತು...” ಎಂದೆ.

“ಗೊತ್ತು ಕಣಪ್ಪ, ಎರಡು ದಿನ ಉಣ್ಣದೆ ಕೂತಿರ್ಲಿಲ್ವಾ ನಾನು?” ಎಂದರು ಅಜ್ಜಿ, ಮೊರವನ್ನು ಕಂಬದಿಂದ ಈಚೆಗೆ, ಕುದುರೆಯ ಬಾಯಿಗೆ ಎಟುಕುವ ಹಾಗೆ ಸರಿಸುತ್ತ. “ಹೋದ ವಾರ ಮಗಿ ಓದ್ತು, ಬಿಳೀ ಕುದುರೆ ಹತ್ತಿ ಹೊಂಟ ಅಂತ. ತಾತನ್ನೇ ಎಬ್ಬಿಸ್ಕಂಡು ಬಂದೋನಿಗೆ ಕುದುರೆ ಏನು ಮಹಾ ಅಂದೆ. ಉಣ್ಣು, ಸಾರು ಆರೋಯ್ತದೆ.”